ಹಂದಿತಲೆಯ ಮುಂದಿಟ್ಟ ಕೊಂಡಿಗಳು

ಎರಡು ವಿಷಯಗಳಲ್ಲಿ ತಾಕ್ ಗ್ವಾಂಗ್‌ಪಿಲ್ ಅವರಿಗೆ ದಾನ್ಯಾಂಗ್ ಊರಿನಲ್ಲೇ ಸರಿಸಾಟಿ ಇರಲಿಲ್ಲ. ಒಂದು, ಗಾಳಿಯನ್ನು ಅಳೆಯುವುದು. ಇನ್ನೊಂದು, ಮುನಿಸಿಕೊಳ್ಳುವುದು. ಬೆಟ್ಟದ ಮೇಲೆ ನಿಂತು ಮೂಗು ತುಸು ಮೇಲೆತ್ತಿದರೆ ಸಾಕು, ಮುಂದಿನ ಅರ್ಧ ಗಂಟೆ ಗಾಳಿ ಯಾವ ಕಡೆಯಿಂದ ಎಷ್ಟು ಬೀಸುತ್ತದೆ ಎಂದು ಹೇಳಿಬಿಡುತ್ತಿದ್ದರು. ಅದೇ ಮೂಗಿನ ತುದಿಯಲ್ಲಿ ಕೋಪವೂ ಕೂತಿರುತ್ತಿತ್ತು. ಅರವತ್ತಮೂರು ವರ್ಷದ ಮನುಷ್ಯ, ನದಿತಿರುವು ಪ್ಯಾರಾಗ್ಲೈಡಿಂಗ್ ಸಂಘಕ್ಕೆ ಇಪ್ಪತ್ತೆರಡು ವರ್ಷದಿಂದ ಅಧ್ಯಕ್ಷ. ಆದರೂ ಮುನಿಸಿಕೊಂಡರೆ ತುಟಿ ಊದಿಸಿಕೊಂಡು ತಿಂಗಳುಗಟ್ಟಲೆ ಮಾತು ಬಿಡುತ್ತಿದ್ದರು.

ಆ ಮುನಿಸಿನ ರುಚಿ ಮಾಲ್ಸುನ್‌ಗೆ ಚೆನ್ನಾಗಿ ಗೊತ್ತಿತ್ತು. ಐವತ್ತೈದರ ಮಾಲ್ಸುನ್ ಬಜಾರಿನ ಮೂಲೆಯಲ್ಲಿ ಬೆಳ್ಳುಳ್ಳಿ ಕಡುಬಿನ ಅಂಗಡಿ ನಡೆಸುವವಳು. ಇಪ್ಪತ್ತು ವರ್ಷ ಹಬೆಪಾತ್ರೆಯ ಹಿಂದೆ ನಿಂತು, ಬಣ್ಣಬಣ್ಣದ ಬಟ್ಟೆಯ ರೆಕ್ಕೆಗಳು ಬೆಟ್ಟದಿಂದ ನದಿದಂಡೆಗೆ ಇಳಿಯುವುದನ್ನು ಕಿಟಕಿಯಲ್ಲಿ ನೋಡಿದ್ದಳು. ಒಂದು ದಿನ ಏಪ್ರನ್ ಬಿಚ್ಚಿಟ್ಟು ನೇರ ಸಂಘಕ್ಕೆ ಹೋಗಿ ಹೆಸರು ಬರೆಸಿದಳು. ಮಕ್ಕಳು ನಕ್ಕರು. ಏಣಿ ಹತ್ತಿದರೂ ತಲೆ ಸುತ್ತುವ ಗಂಡ ಚಿಲ್‌ಬೊಕ್, "ನೀನು ಹಾರು, ನಾನು ಕೆಳಗೆ ವ್ಯಾನ್ ಹತ್ರ ಕಣ್ಣು ಮುಚ್ಕೊಂಡು ನಿಂತಿರ್ತೀನಿ," ಎಂದ.

ಅದಾಗಿ ಎರಡು ವರ್ಷ. ಪುಟ್ಟ ಗುಡ್ಡದ ಇಳಿಜಾರಿನಲ್ಲಿ ಓಡಿ ಓಡಿ ಮೊಣಕಾಲು ಸವೆದವು. ಅಧ್ಯಕ್ಷರ ಜೊತೆ ಒಂದೇ ರೆಕ್ಕೆಯಡಿ ಜೋಡಿಯಾಗಿ ಒಂಬತ್ತು ಸಲ ಹಾರಿದ್ದೂ ಆಯಿತು. ಇನ್ನು ಉಳಿದದ್ದು ಒಂದೇ, ಯಾಂಗ್‌ಬಾಂಗ್ ಬೆಟ್ಟದ ನೆತ್ತಿಯಿಂದ ಒಬ್ಬಳೇ ಹಾರುವುದು. ಅದಕ್ಕೆ ಅಧ್ಯಕ್ಷರು ತಮ್ಮ ಪಟ್ಟಿಯಲ್ಲಿ ಅವಳ ಹೆಸರು ಬರೆಯಬೇಕಿತ್ತು.

ಹೋದ ಅಕ್ಟೋಬರ್‌ನಲ್ಲಿ ಬರೆದಿದ್ದರು ಕೂಡ. ಆದರೆ ಅದೇ ವಾರ ಅಧ್ಯಕ್ಷರು ನದಿದಂಡೆಯಲ್ಲಿ ಇಳಿದರು, ಇಳಿದ ಕ್ಷಣಕ್ಕೇ ಎಲ್ಲಿಂದಲೋ ಬಂದ ಬೀಸುಗಾಳಿ ಅವರ ರೆಕ್ಕೆಯನ್ನು ಮತ್ತೆ ಉಬ್ಬಿಸಿತು. ಬಿಡಿಸಿಕೊಳ್ಳೋಣವೆಂದರೆ ರೆಕ್ಕೆಗೆ ಸೇರಿಸಿದ್ದ ಕೊಂಡಿಗಳು ಜಗ್ಗಿ ಬಿಗಿದು ಬಿಚ್ಚಲೊಲ್ಲವು. ಆಗಷ್ಟೇ ಬೆಳ್ಳುಳ್ಳಿ ನೆಟ್ಟು ಹುಲ್ಲು ಹೊದಿಸಿದ್ದ ಹೊಲದ ಉದ್ದಕ್ಕೂ ಅಧ್ಯಕ್ಷರು ಹೊಟ್ಟೆಯ ಮೇಲೆ ಸವಾರಿ ಹೊರಟರು. ಆ ತುದಿಯ ಬದುವಿಗೆ ತಾಗಿ ನಿಂತು ಎದ್ದಾಗ ಬಾಯಿ ತುಂಬ ಹುಲ್ಲು, ಕಿವಿಯಲ್ಲೊಂದು ಬೆಳ್ಳುಳ್ಳಿ ಎಸಳು. ಸಂಘದವರೆಲ್ಲ ಓಡಿ ಹೋಗಿ, ತಲೆ ತಗ್ಗಿಸಿ, "ಪೆಟ್ಟಾಯ್ತಾ ಅಧ್ಯಕ್ಷರೇ?" ಎಂದು ಕೇಳಿದರು. ಮಾಲ್ಸುನ್ ಮಾತ್ರ ನಕ್ಕಳು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮಾರನೆಯ ದಿನ ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಕೆಂಪು ಗೀಟು ಬಿದ್ದಿತ್ತು. ಹಾಗೇ ಚಳಿಗಾಲ ಪೂರ್ತಿ ಕಳೆಯಿತು.

ಹೊಲದ ಸವಾರಿಯ ಸುದ್ದಿ ಬೂಸಾನ್‌ನಲ್ಲಿದ್ದ ಅಧ್ಯಕ್ಷರ ಮಗಳ ಕಿವಿಗೂ ಬಿತ್ತು. ಫೆಬ್ರವರಿ ಮುಗಿಯುವಷ್ಟರಲ್ಲಿ ಅವಳಿಂದ ಒಂದು ಪುಟ್ಟ ಡಬ್ಬಿ ಬಂತು. ಅದರಲ್ಲಿ ಒಂದು ಜೊತೆ ಕ್ಯಾರಬಿನರ್. ಎದೆಯ ಎಡಬಲಕ್ಕೆ ಒಂದೊಂದಿದ್ದು, ಹಾರುವವನ ಮೈಗೆ ಬಿಗಿದ ಹಾರ್ನೆಸ್ಸನ್ನು ರೆಕ್ಕೆಯ ಪಟ್ಟಿಗಳಿಗೆ ಸೇರಿಸುವ ಲೋಹದ ಕೊಂಡಿಗಳು. ಇಡೀ ಮನುಷ್ಯ ನೇತಾಡುವುದು ಈ ಎರಡರಿಂದಲೇ. ಇವು ಹೊಸ ನಮೂನೆಯವು. ಪಕ್ಕದ ಎರಡು ಗುಂಡಿಗಳನ್ನು ಒಟ್ಟಿಗೆ ಅದುಮಿದರೆ, ಎಷ್ಟೇ ಭಾರ ಜಗ್ಗುತ್ತಿದ್ದರೂ ಥಟ್ಟನೆ ಬಿಟ್ಟುಕೊಳ್ಳುತ್ತವೆ.

ಅಧ್ಯಕ್ಷರಿಗೆ ಅವನ್ನು ಎಲ್ಲರಿಗೂ ತೋರಿಸುವವರೆಗೆ ಸಮಾಧಾನವಿಲ್ಲ. ಸಂಘದ ಶೆಡ್ಡಿನಲ್ಲಿ ಅಭ್ಯಾಸಕ್ಕೆಂದು ಹಾಕಿದ್ದ ತೊಲೆಗೆ ಪಟ್ಟಿ ಕಟ್ಟಿಸಿ, ಹಾರ್ನೆಸ್ ತೊಟ್ಟು, ನೆಲದಿಂದ ಮೂರಡಿ ಮೇಲೆ ನೇತಾಡುತ್ತ ಪಾಠ ಶುರುಮಾಡಿದರು.

"ನೋಡ್ಕೊಳ್ಳಿ. ಇಳಿದ್ಮೇಲೆ ಗಾಳಿ ಎಳ್ಕೊಂಡು ಹೋಗ್ತಿದೆ ಅಂತಿಟ್ಕೊಳ್ಳಿ..."

"ಹೋದ್ಸಲದ ಥರ," ಎಂದ ಕಾರ್ಯದರ್ಶಿ ಬೊಂಗ್ ದೊಕ್‌ಸು. ನಲವತ್ತರ ದೊಕ್‌ಸು ಅಧ್ಯಕ್ಷರ ನೆರಳು. ಅವರು ಸೀನಿದರೆ ಇವನು ಮೂಗು ಒರೆಸಿಕೊಳ್ಳುವಷ್ಟು ಭಕ್ತ.

"ಹೋದ್ಸಲದ ಮಾತು ಯಾರಯ್ಯಾ ಎತ್ತಿದ್ದು?"

"ಯಾರೂ ಇಲ್ಲ ಅಧ್ಯಕ್ಷರೇ."

"ಹಾಂ. ಆಗ ಒಂದು ಕಡೆ ಬಿಚ್ಚಿದ್ರೆ ಸಾಕು, ರೆಕ್ಕೆ ಬಾವುಟದ ಥರ ಸೋತು ಮಲಗತ್ತೆ. ನೀರಿಗೆ ಬಿದ್ರೆ ಎರಡೂ ಬಿಚ್ಚಿ ಈಜು. ಇನ್ನು ಆಕಾಶದಲ್ಲಿ?"

"ಆಕಾಶದಲ್ಲಿ?"

"ಆಕಾಶದಲ್ಲಿ ಕೈ ಆ ಕಡೆ ಸುಳೀಬಾರ್ದು! ಮೀಸಲು ಪ್ಯಾರಾಚೂಟ್ ಎಸೆದು, ಅದು ತಲೆ ಮೇಲೆ ಪೂರ್ತಿ ಬಿಚ್ಕೊಂಡು, ನಿನ್ನ ಭಾರ ಹೊತ್ಕೊಂಡ್ಮೇಲೆ ಮಾತ್ರ. ಅಲ್ಲೀವರೆಗೂ ಈ ಗುಂಡಿಗಳಿವೆ ಅನ್ನೋದನ್ನೇ ಮರೆತುಬಿಡ್ಬೇಕು. ಮತ್ತೆ ಹಾಕುವಾಗ? ಟಕ್ ಅಂತ ಸದ್ದಾಗ್ಬೇಕು. ಕೆಂಪು ಗೆರೆ ಒಳಗೆ ಹೋಗ್ಬೇಕು. ಕೈಯಲ್ಲಿ ಎಳೆದು ನೋಡ್ಬೇಕು. ಕೆಂಪು ಕಾಣಿಸ್ತಾ ಇದ್ರೆ?"

ಹಿಂದಿನಿಂದ ಮಾಲ್ಸುನ್, "ಹಾರಬಾರ್ದು," ಎಂದಳು.

ಅಧ್ಯಕ್ಷರು ಅವಳ ಕಡೆ ನೋಡದೆ ದೊಕ್‌ಸುಗೆ ಹೇಳಿದರು: "ಯಾರೋ ಸರಿಯಾಗಿ ಹೇಳಿದ್ರಪ್ಪ."

ಆಮೇಲೆ ಮಾತಿನ ಭರದಲ್ಲಿ, "ಅದುಮಿದ್ರೆ ಹೀಗೆ," ಎಂದು ಎರಡೂ ಕೊಂಡಿಗಳನ್ನು ಒಟ್ಟಿಗೆ ಅದುಮಿದರು. ಕೊಂಡಿಗಳು ಕೊಟ್ಟ ಮಾತಿಗೆ ತಪ್ಪಲಿಲ್ಲ. ಅಧ್ಯಕ್ಷರು ಕೆಳಗಿದ್ದ ಬೆಳ್ಳುಳ್ಳಿ ಮೂಟೆಯ ಮೇಲೆ ಧೊಪ್ಪನೆ ಕೂತರು. ಮಾಲ್ಸುನ್ ಗೋಡೆಯ ಕಡೆ ತಿರುಗಿ, ತುಟಿ ಕಚ್ಚಿ, ಅಲ್ಲಿ ತೂಗುಹಾಕಿದ್ದ ಕ್ಯಾಲೆಂಡರಿನಲ್ಲಿ ಮಾರ್ಚ್ ತಿಂಗಳ ದಿನಗಳನ್ನೆಲ್ಲ ಒಂದೊಂದಾಗಿ ಎಣಿಸಿದಳು. ನಗು ಹೊರಗೆ ಬರಲಿಲ್ಲ. ಸಂಜೆ ಪಟ್ಟಿಯಲ್ಲಿ ಅವಳ ಹೆಸರು ಮತ್ತೆ ಕಾಣಿಸಿತು: ವರ್ಷದ ಮೊದಲ ಹಾರಾಟದ ದಿನ, ಐದನೆಯವಳು.

ವರ್ಷದ ಮೊದಲ ಹಾರಾಟಕ್ಕೆ ಮುಂಚೆ ಪೂಜೆ ಆಗಬೇಕು. ಬೆಟ್ಟದ ನೆತ್ತಿಯಲ್ಲಿ ಮೇಜು ಹಾಕಿ, ಬೇಯಿಸಿದ ಹಂದಿತಲೆ, ಒಣಮೀನು, ಅಕ್ಕಿ ಉಂಡೆ, ಹಣ್ಣು ಇಟ್ಟು, ಬೆಟ್ಟದ ದೇವರಿಗೆ ಎಲ್ಲರೂ ಸಾಲಾಗಿ ಅಡ್ಡಬೀಳುತ್ತಾರೆ. ಹಂದಿ ನಗುಮುಖದ್ದಾಗಿರಬೇಕು, ಅದು ಕಟ್ಟುನಿಟ್ಟು. ಈ ಸಲದ ಹಂದಿಯನ್ನು ಮಾಲ್ಸುನ್ನೇ ಆರಿಸಿ ತಂದಿದ್ದಳು. ಅದು ಎಷ್ಟು ನಗುತ್ತಿತ್ತೆಂದರೆ ಅಧ್ಯಕ್ಷರು ಅನುಮಾನದಿಂದ ಎರಡು ಸಲ ಅದರ ಕಡೆ, ಒಂದು ಸಲ ಮಾಲ್ಸುನ್ ಕಡೆ ನೋಡಿದರು.

ಹೊಸ ಕಾರು ಕೊಂಡರೆ ಚಕ್ರಕ್ಕೆ ಮಕ್ಕೊಲ್ಲಿ ಸುರಿಯದೆ ಯಾರೂ ಗಾಡಿ ಹೊರಡಿಸುವುದಿಲ್ಲ. ಮಕ್ಕೊಲ್ಲಿ ಎಂದರೆ ಹಾಲಿನಂತೆ ಬೆಳ್ಳಗಿರುವ ಅಕ್ಕಿ ಹೆಂಡ. ಕಾರಿಗೇ ಅಷ್ಟು ಮರ್ಯಾದೆಯಾದರೆ, ಪ್ರಾಣ ಹಿಡಿದಿಡುವ ಕೊಂಡಿಗಳಿಗೆ ಬೇಡವೇ? ಅಧ್ಯಕ್ಷರು ಹೊಸ ಕೊಂಡಿಗಳನ್ನು ತಟ್ಟೆಯಲ್ಲಿಟ್ಟು ಹಂದಿಯ ಮೂಗಿನ ಕೆಳಗೆ ಸರಿಸಿದರು. ಮೂರು ಸಲ ಅಡ್ಡಬಿದ್ದರು. ಒಂದು ಬಟ್ಟಲು ತುಂಬ ಮಕ್ಕೊಲ್ಲಿಯನ್ನು ನಿಧಾನವಾಗಿ ಕೊಂಡಿಗಳ ಮೇಲೆ ಸುರಿದರು. ದೊಕ್‌ಸು ಹಿಂದೆ ಬೀಳುವವನೇ? "ಇನ್ನೂ ಒಂದು ಬಟ್ಟಲು ಇರ್ಲಿ ಅಧ್ಯಕ್ಷರೇ, ನಿಮಗೆ ಒಂದು ಸಾಲಲ್ಲ," ಎಂದು ಮೇಲೊಂದು ಅಭಿಷೇಕ ಮಾಡಿದ. ಪಕ್ಕದಲ್ಲಿ ಮಾಂಸ ಹೆಚ್ಚುತ್ತಿದ್ದ ಮಾಲ್ಸುನ್, ಒಳ್ಳೇ ಹೆಂಡ ಹಾಳಾಯಿತಲ್ಲ ಎಂದಷ್ಟೇ ಅಂದುಕೊಂಡಳು.

ಅಂದು ಹಾರಲು ಆಗಲಿಲ್ಲ. ಪೂಜೆ ಮುಗಿಯುವಷ್ಟರಲ್ಲಿ ಎದ್ದ ಗಾಳಿ ಹಂದಿಯ ಬಾಯಲ್ಲಿ ಕಾಣಿಕೆಯಾಗಿ ಸಿಕ್ಕಿಸಿದ್ದ ನೋಟುಗಳನ್ನು ಹಾರಿಸಿಕೊಂಡು ಹೋಯಿತು. ನೋಟುಗಳ ಹಿಂದೆ ದೊಕ್‌ಸು ಹೋದ. ಅಧ್ಯಕ್ಷರು ಕೊಂಡಿಗಳನ್ನು ತೋಳಿಗೆ ಒರೆಸಿ, ಹಾರ್ನೆಸ್‌ಗೆ ಸಿಕ್ಕಿಸಿ, ಚೀಲವನ್ನು ಮನೆಗೆ ಒಯ್ದು, ತಾವು ಮಲಗುವ ಕೋಣೆಯ, ಅಡಿಯಿಂದ ಕಾಯಿಸುವ ಬಿಸಿನೆಲದ ಮೇಲೆ ಭದ್ರವಾಗಿ ಇಟ್ಟುಕೊಂಡರು. ಚೀಲ ಅಲ್ಲಿ ಎಂಟು ದಿನ ಬೆಚ್ಚಗೆ ಮಲಗಿತ್ತು.

ಒಂಬತ್ತನೆಯ ದಿನ, ಭಾನುವಾರ, ಗಾಳಿ ಸರಿಹೋಯಿತು. ನೆತ್ತಿಯ ಹುಲ್ಲು ಸಣ್ಣಗೆ ಬಾಗುತ್ತಿತ್ತು. ಕೆಳಗೆ ನದಿ ಊರನ್ನು ಸುತ್ತಿಕೊಂಡು ಹೊಳೆಯುತ್ತಿತ್ತು, ದಂಡೆಯ ಮೇಲೆ ಚಿಲ್‌ಬೊಕ್‌ನ ಬಿಳಿ ವ್ಯಾನ್ ಒಂದು ಅಕ್ಕಿಕಾಳಿನಷ್ಟು ಕಾಣುತ್ತಿತ್ತು. ಮಾಲ್ಸುನ್ ಬೆಳಗಿನ ಜಾವದಿಂದ ಏನೂ ತಿಂದಿರಲಿಲ್ಲ. ಐದನೆಯವಳು, ಐದನೆಯವಳು ಎಂದು ಎದೆ ಹೊಡೆದುಕೊಳ್ಳುತ್ತಿತ್ತು.

ಹಾರುವ ಜಾಗದಲ್ಲಿ ಒಂದು ಹಲಗೆ ಇದೆ. ಅಧ್ಯಕ್ಷರೇ ತಮ್ಮ ಕೈಯಾರೆ ಬಣ್ಣದಲ್ಲಿ ಬರೆದದ್ದು: ಇನ್ನೊಬ್ಬರು ಆರು ಕಡೆ ಮುಟ್ಟಿ ನೋಡದೆ ಯಾರೂ ಹಾರಕೂಡದು. ಹೆಲ್ಮೆಟ್, ಎದೆಪಟ್ಟಿ, ಎರಡು ಕಾಲುಪಟ್ಟಿ, ಎರಡು ಕೊಂಡಿ. ಮುಟ್ಟುವ ಕೆಲಸ ಸಂಘಕ್ಕೆ ಕೊನೆಯಲ್ಲಿ ಸೇರಿದವರದು, ಅಂದರೆ ಮಾಲ್ಸುನ್‌ದು. ಬೇರೆಯವರನ್ನು ಅವಳು ಹಿಟ್ಟು ನಾದುವ ಹಾಗೆ ಮುಟ್ಟಿ ನೋಡುತ್ತಿದ್ದಳು. ಆದರೆ ಅಧ್ಯಕ್ಷರ ವಿಷಯದಲ್ಲಿ ಪದ್ಧತಿ ಬೇರೆಯಿತ್ತು. ಅಷ್ಟು ಹಿರಿಯರ ಮೈಮೇಲೆ ಕೈಹಾಕುವುದುಂಟೇ? ಅವರ ಮುಂದೆ ನಿಂತು, ಸೊಂಟ ಬಗ್ಗಿಸಿ ನಮಸ್ಕರಿಸಿ, "ಎಲ್ಲ ಸರಿಯಾಗಿದೆ," ಎನ್ನುವುದು. ಅವರು ಹೂಂ ಎನ್ನುವುದು. ಇಪ್ಪತ್ತೆರಡು ವರ್ಷದಿಂದ ಹೀಗೆಯೇ ನಡೆದುಕೊಂಡು ಬಂದಿತ್ತು. ಯಾರೂ ಅದನ್ನು ಹಲಗೆಯ ಮೇಲೆ ಬರೆದಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ವರ್ಷದ ಮೊದಲ ಹಾರಾಟ ಅಧ್ಯಕ್ಷರದೇ. ಅವರು ಹಿಂದೆ ರೆಕ್ಕೆ ಹರಡಿ, ಪಟ್ಟಿಗಳನ್ನು ಎತ್ತಿಕೊಂಡು ಕೊಂಡಿ ಹಾಕಿದರು. ಬಲಗಡೆಯದು ಟಕ್ ಎಂದಿತು. ಎಡಗಡೆಯದು ಪಚ್ ಎಂದಿತು. ಮಾಲ್ಸುನ್ ಕಿವಿ ನಿಮಿರಿತು. ಹಬೆಪಾತ್ರೆಯ ಮುಚ್ಚಳ ಸರಿಯಾಗಿ ಕೂರದಿದ್ದರೆ ಬರುವ ಸದ್ದು ಅದು.

ಅವಳು ಮುಂದೆ ಹೋಗಿ ಬಗ್ಗಿ ನಮಸ್ಕರಿಸಿದಳು. ಪಟ್ಟಿಯಲ್ಲಿ ಹೆಸರು ಉಳಿಯಲಿ ಎಂದು ಉಳಿದವರಿಗಿಂತ ಎರಡು ಗೇಣು ಹೆಚ್ಚೇ ಬಗ್ಗಿದಳು. ಅಷ್ಟು ಬಗ್ಗಿದ್ದರಿಂದಲೇ ಅವಳ ಕಣ್ಣು ಅಧ್ಯಕ್ಷರ ಎಡಗಡೆಯ ಕೊಂಡಿಯ ಮಟ್ಟಕ್ಕೆ ಬಂತು. ಅಲ್ಲಿ ಮೆಣಸಿನಕಾಯಿ ಸಿಪ್ಪೆಯಷ್ಟು ತೆಳುವಾದ ಕೆಂಪು ಗೆರೆಯೊಂದು ಇಣುಕುತ್ತಿತ್ತು.

"ಅಧ್ಯಕ್ಷರೇ," ಎಂದಳು, ಬಗ್ಗಿಕೊಂಡೇ. "ಎಡಗಡೆ ಕೆಂಪು ಕಾಣ್ತಿದೆ."

"ಬಿಸಿಲಿಗೆ ಹಾಗೆ ಕಾಣತ್ತೆ. ಏಳು."

"ಬಿಸಿಲು ಬಲಗಡೆ ಇದೆ."

ಅಧ್ಯಕ್ಷರ ಮೂಗಿನ ಹೊಳ್ಳೆ ಅರಳಿತು. ಗಾಳಿಗೋ ಕೋಪಕ್ಕೋ ಹೇಳುವುದು ಕಷ್ಟ. "ಕಡುಬಮ್ಮಾ, ಗಾಳಿ ಈಗ ಸರಿಯಾಗಿ ಬಂದಿದೆ. ನಾನು ಸಾವಿರ ಸಲ ಹಾರಿದೀನಿ. ನೀನು ಸರಿಯಾಗಿದೆ ಅನ್ನು, ನಾನು ಹೂಂ ಅಂತೀನಿ, ಮುಗೀತು."

ಹಿಂದಿನಿಂದ ದೊಕ್‌ಸು ಪಿಸುಗುಟ್ಟಿದ: "ಅಕ್ಕಾ, ನಿನ್ನ ದಮ್ಮಯ್ಯ. ಅನ್ನು, ಅನ್ನು ಬೇಗ. ನಿನ್ನ ಹೆಸರಿನ ಮೇಲೆ ಮತ್ತೆ ಗೀಟು ಬಿದ್ರೆ ಮುಂದಿನ ವರ್ಷಾನೇ."

ಮಾಲ್ಸುನ್ ನೆಟ್ಟಗೆ ನಿಂತಳು. ಎರಡು ವರ್ಷ ಸವೆಸಿದ ಮೊಣಕಾಲುಗಳು ನೆನಪಾದವು, ಪಟ್ಟಿಯಲ್ಲಿದ್ದ ಐದನೆಯ ಸಾಲು ನೆನಪಾಯಿತು. ಸರಿಯಾಗಿದೆ ಎಂದರೆ ಇನ್ನು ಅರ್ಧ ಗಂಟೆಯಲ್ಲಿ ತಾನು ಆಕಾಶದಲ್ಲಿ. ಇವರೂ ಆಕಾಶದಲ್ಲಿ, ಆ ಕೆಂಪು ಗೆರೆಯೊಂದನ್ನು ನಂಬಿಕೊಂಡು. ತನಗೇ ಕಣ್ಣು ಮಂಜಾಗಿದ್ದರೆ? ಎಲ್ಲರೆದುರು ಮುಖಭಂಗ, ಮೇಲೆ ಇನ್ನೊಂದು ಗೀಟು. ಅಧ್ಯಕ್ಷರು ಆಗಲೇ ರೆಕ್ಕೆಯ ಪಟ್ಟಿಗಳನ್ನು ಕೈಯಲ್ಲೆತ್ತಿ ಒಂದು ಕಾಲು ಮುಂದಿಟ್ಟಿದ್ದರು.

ಅವಳು ಅವರ ಪಕ್ಕದಿಂದ ಸುತ್ತಿಬಂದು, ಹಿಂದೆ ಹರಡಿದ್ದ ಹಳದಿ ರೆಕ್ಕೆಯ ನಟ್ಟನಡುವೆ ಹೋಗಿ, ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

ರೆಕ್ಕೆಯನ್ನು ಶೂ ತುದಿಯಿಂದ ತಾಗಿಸಿದರೂ ಜಗಳವಾಗುವ ಜಾಗವದು. ದೊಕ್‌ಸು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ.

"ನನ್ನ ರೆಕ್ಕೆ!" ಎಂದು ಅಧ್ಯಕ್ಷರು ಅರಚಿದರು. "ಅದೇನು ನಿನ್ನ ಅಂಗಡಿ ಚಾಪೇನಾ? ಏಳೇ ಮೇಲೆ!"

"ಏಳಲ್ಲ. ಆರು ಕಡೆ ಮುಟ್ತೀನಿ, ಆಮೇಲೆ ಏಳ್ತೀನಿ. ಹಲಗೆ ಮೇಲೆ ನೀವೇ ಬರ್ದಿರೋದು. ಅದ್ರಲ್ಲಿ 'ಅಧ್ಯಕ್ಷರನ್ನ ಬಿಟ್ಟು' ಅಂತ ಎಲ್ಲೂ ಇಲ್ಲ."

"ಮುಟ್ಟಿ ನೋಡಿ ಸರಿ ಇದ್ರೆ?"

"ಸರಿ ಇದ್ರೆ ನನ್ನ ಹೆಸರು ನಾನೇ ಹೊಡೆದುಹಾಕ್ತೀನಿ. ಪೆನ್ನು ನೀವೇ ಕೊಡಿ. ಜನ್ಮದಲ್ಲಿ ಹಾರಲ್ಲ, ಕಡುಬು ಮಾಡ್ಕೊಂಡಿರ್ತೀನಿ."

ಹೇಳಿದ ಮೇಲೆ ಅವಳಿಗೇ ಹೆಚ್ಚಾಯಿತು ಎನಿಸಿತು. ಆದರೆ ಮಾತು ಬಾಯಿಂದ ಹೊರಟುಹೋಗಿತ್ತು.

"ಮುಟ್ಟು!" ಎಂದರು ಅಧ್ಯಕ್ಷರು, ಕೈಗಳೆರಡನ್ನೂ ಅಗಲಿಸಿ, ಬಟ್ಟೆ ಒಣಹಾಕುವ ಕೋಲಿನ ಹಾಗೆ ನಿಂತು. "ಮುಟ್ಟಿ ಸಾಯಿ!"

ಮಾಲ್ಸುನ್ ಎದ್ದು ಬಂದಳು. ಹೆಲ್ಮೆಟ್ ಮೇಲೆ ಕುಂಬಳಕಾಯಿ ತಟ್ಟುವ ಹಾಗೆ ಎರಡು ಸಲ ತಟ್ಟಿದಳು. ಎದೆಪಟ್ಟಿ ಎಳೆದಳು. ಕಾಲುಪಟ್ಟಿಗೆ ಕೈ ಹೋದಾಗ ಅಧ್ಯಕ್ಷರು ಮುಖ ಬಿಗಿಹಿಡಿದು ಯಾಕೋ ಕೊಂಚ ಮಿಸುಕಾಡಿದರು. ಬಲಗಡೆಯ ಕೊಂಡಿಯನ್ನು ಜಗ್ಗಿದಳು, ಕಲ್ಲಿನಂತೆ ನಿಂತಿತು. ಅಧ್ಯಕ್ಷರು, "ಹೂಂ?" ಎಂದರು ವಿಜಯದ ದನಿಯಲ್ಲಿ. ಎಡಗಡೆಯ ಕೊಂಡಿಗೆ ಕೈಯಿಟ್ಟಳು. ಗುಂಡಿಗಳನ್ನು ಮುಟ್ಟಲಿಲ್ಲ, ಪಟ್ಟಿಯನ್ನು ಹಿಡಿದು ಮೇಲಕ್ಕೆ ಒಂದು ಸಲ ಎಳೆದಳು, ಅಷ್ಟೇ.

ಕೊಂಡಿ ಬಾಯಿ ಬಿಟ್ಟಿತು. ಪಟ್ಟಿ ಅವಳ ಕೈಯಲ್ಲೇ ಉಳಿಯಿತು.

ರೆಕ್ಕೆಯ ಅಂಚು ಗಾಳಿಗೆ ಪಟಪಟ ಎನ್ನುತ್ತಿತ್ತು. ಅಧ್ಯಕ್ಷರು ತೆರೆದ ಕೊಂಡಿಯನ್ನು ನೋಡಿದರು, ಎರಡು ಮಾರು ಆಚೆ ಮುಗಿದುಹೋಗುವ ಬೆಟ್ಟದಂಚನ್ನು ನೋಡಿದರು, ಮತ್ತೆ ಕೊಂಡಿಯನ್ನು ನೋಡಿದರು. ಅವರ ಮುಖ ಅಕ್ಕಿಹಿಟ್ಟಿನ ಬಣ್ಣಕ್ಕೆ ತಿರುಗಿತು.

ಮಾಲ್ಸುನ್ ಉಗುರಿನಿಂದ ಕೊಂಡಿಯ ಸಂದಿಯನ್ನು ಕೆರೆದಳು. ಬಿಳಿಯ ಪುಡಿಯೊಂದು ಉದುರಿತು. ಬೆರಳು ಮೂಸಿ ನೋಡಿದಳು. ಇಪ್ಪತ್ತು ವರ್ಷ ಪಾತ್ರೆ ತೊಳೆದವಳಿಗೆ ಅದೇನೆಂದು ಯಾರೂ ಹೇಳಬೇಕಾಗಿರಲಿಲ್ಲ.

"ಗಂಜಿ," ಎಂದಳು. "ಮಕ್ಕೊಲ್ಲಿ ಆರಿ ಗಂಜಿ ಕಟ್ಕೊಂಡಿದೆ. ಬಿಸಿನೆಲದ ಮೇಲೆ ಬೇರೆ ಇಟ್ಕೊಂಡಿದೀನಿ ಅಂದಿದ್ರಲ್ಲ, ಗಟ್ಟಿಯಾಗಿ ಅಂಟ್ಕೊಂಡ್ಬಿಟ್ಟಿದೆ. ಒಳಗಿನ ಬೀಗ ಅರ್ಧಕ್ಕೇ ನಿಂತಿದೆ, ಮುಂದೆ ಹೋಗ್ತಿಲ್ಲ."

ಎಲ್ಲರ ಕಣ್ಣೂ ನಿಧಾನವಾಗಿ ದೊಕ್‌ಸು ಕಡೆ ತಿರುಗಿದವು.

"ನಾನು ಒಂದೇ ಬಟ್ಟಲು ಹಾಕಿದ್ದು!" ಎಂದ ದೊಕ್‌ಸು. "ಬಲಗಡೇದಕ್ಕೆ! ಬಹುಶಃ ಬಲಗಡೇದಕ್ಕೆ!"

ಅಧ್ಯಕ್ಷರು ಇದ್ದಲ್ಲಿಯೇ, ಹುಲ್ಲಿನ ಮೇಲೆ ಕುಸಿದು ಕೂತರು. ಮಾಲ್ಸುನ್ ಬೈಗುಳಕ್ಕೆ ಕಾದಳು. ಬೈಗುಳ ಬರಲಿಲ್ಲ. ಅವರು ಕೈಗಳೆರಡನ್ನೂ ತೊಡೆಯ ಕೆಳಗೆ ಸೇರಿಸಿಕೊಂಡರು.

"ದೊಕ್‌ಸು," ಎಂದರು ಕೊನೆಗೆ, ಸಣ್ಣ ದನಿಯಲ್ಲಿ. "ಇಪ್ಪತ್ತೆರಡು ವರ್ಷದಲ್ಲಿ ಒಂದ್ಸಲನಾದ್ರೂ ಯಾರಾದ್ರೂ ನನ್ನನ್ನ ಮುಟ್ಟಿ ನೋಡಿದೀರೇನಯ್ಯಾ?"

"ನಿಮ್ಮನ್ನ ಮುಟ್ಟೋದಾ ಅಧ್ಯಕ್ಷರೇ? ಎಲ್ಲಾದ್ರೂ ಉಂಟಾ? ನೀವು ಅಷ್ಟು ದೊಡ್ಡವರು."

"ಹೌದು. ಮರ್ಯಾದೆ ಅಂದ್ಕೊಂಡಿದ್ದೆ ನಾನು." ಅವರು ಹುಲ್ಲನ್ನು ಕೀಳುತ್ತ ಕೂತರು. "ಎಲ್ಲರನ್ನೂ ಮುಟ್ಟಿ ನೋಡಿ ಕಳಿಸ್ತಾ ಇದ್ರಿ. ನಾನೊಬ್ನೇ ಯಾರೂ ನೋಡದೆ ಹಾರ್ತಿದ್ದೆ."

ಮಾಲ್ಸುನ್‌ಗೆ ಅವರ ಮೇಲೆ ಮೊದಲ ಸಲ ಅಯ್ಯೋ ಎನಿಸಿತು. ಫ್ಲಾಸ್ಕಿನಿಂದ ಕಾಗದದ ಲೋಟಕ್ಕೆ ಬಿಸಿ ಕಾಫಿ ಬಗ್ಗಿಸಿ ಕೈಗೆ ಕೊಟ್ಟಳು. ಅವರು ಗಟಗಟನೆ ಕುಡಿದು, ಬಾಯಿ ಸುಟ್ಟುಕೊಂಡು, ಕೆಮ್ಮಿ, ಮತ್ತೆ ಅಧ್ಯಕ್ಷರಾದರು.

"ಈ ಜೊತೇನ ಕಂಪನಿಗೆ ವಾಪಸ್ ಕಳಿಸ್ತೀನಿ. ಅವರು ಬಿಚ್ಚಿ ನೋಡಿ ಸರಿ ಅನ್ನೋವರೆಗೂ ಯಾರೂ ಮುಟ್ಟಬೇಡಿ. ಬರೀ ತೊಳೆದ್ರೆ ಸಾಲ್ದು. ನನ್ನ ಹಳೇ ಕೊಂಡಿಗಳು ಕಾರಲ್ಲಿವೆ, ತಗೊಂಡ್ಬಾ. ಇನ್ಮೇಲೆ ಮಕ್ಕೊಲ್ಲಿ ಹೊಟ್ಟೆಗೆ ಮಾತ್ರ. ಹೆಸರಿನ ಪಟ್ಟಿ ಎಲ್ಲಿ? ಪೆನ್ನು ಕೊಡಿ."

ಅವರು ಪೆನ್ನು ತೆಗೆದುಕೊಂಡು, ಕೆಂಪು ಶಾಯಿಯಲ್ಲಿ, ಐದನೆಯ ಸಾಲಿನಲ್ಲಿದ್ದ ಅವಳ ಹೆಸರನ್ನು ಹೊಡೆದುಹಾಕಿದರು. ಆಮೇಲೆ ಒಂದನೆಯ ಸಾಲಿನಲ್ಲಿದ್ದ ತಮ್ಮ ಹೆಸರನ್ನೂ ಹೊಡೆದುಹಾಕಿ, ಪಕ್ಕದಲ್ಲಿ ಅವಳ ಹೆಸರು ಬರೆದರು.

"ಅಧ್ಯಕ್ಷರೇ, ವರ್ಷದ ಮೊದಲ ಹಾರಾಟ ನಿಮ್ಮದೇ ಆಗ್ಬೇಕು!" ಎಂದ ದೊಕ್‌ಸು, ಗಾಬರಿಯಿಂದ. "ಬೆಟ್ಟದ ದೇವರು ಏನಂದ್ಕೋತಾನೆ?"

"ಬೆಟ್ಟದ ದೇವರು ಎರಡು ಬಟ್ಟಲು ಕುಡಿದು ಮಲಗಿದಾನೆ, ನೀನು ಸುಮ್ನಿರು. ಕಡುಬಮ್ಮಾ, ಗಾಳಿ ಇನ್ನು ನಲವತ್ತು ನಿಮಿಷ ಹೀಗೇ ಮೆತ್ತಗಿರತ್ತೆ. ರೆಕ್ಕೆ ಹರಡು."

ಅವಳು ಹರಡಿದಳು. ಕೊಂಡಿ ಹಾಕಿದಳು. ಅವಳದು ಸಾದಾ ಕೊಂಡಿಗಳು. ಆಮೇಲೆ ಕಂಡದ್ದನ್ನು ಊರಿನಲ್ಲಿ ಎಷ್ಟು ಜನಕ್ಕೆ ಹೇಳಿದರೂ ಯಾರೂ ನಂಬಲಿಲ್ಲ. ಅಧ್ಯಕ್ಷರು ಅವಳ ಮುಂದೆ ಮೊಣಕಾಲೂರಿ ಕೂತು ಕಾಲುಪಟ್ಟಿಗಳನ್ನು ಎಳೆದು ನೋಡಿದರು. ಹೆಲ್ಮೆಟ್ ತಟ್ಟಿದರು. ಒಂದೊಂದನ್ನೂ ಬಾಯಿಬಿಟ್ಟು ಹೇಳುತ್ತ, ಆರನ್ನೂ ಮುಟ್ಟಿ, ಮುಗಿಸಿ, ಮತ್ತೆ ಮೊದಲಿನಿಂದ ಶುರುಮಾಡಿದರು.

"ಅಧ್ಯಕ್ಷರೇ, ನಲವತ್ತು ನಿಮಿಷ ಅಂದಿದ್ರಿ," ಎಂದಳು ಮಾಲ್ಸುನ್.

"ಬಾಯ್ಮುಚ್ಕೊಂಡು ನಿಂತ್ಕೋ. ಎಡಗಡೆ ಕೊಂಡಿ. ಸರಿಯಾಗಿದೆ." ಅವರು ಹಿಂದೆ ಸರಿದರು. "ಓಡು. ನಿಲ್ಲಬೇಡ. ನೆಲ ಬಿಟ್ಟಮೇಲೂ ಓಡ್ತಾನೇ ಇರು."

ಅವಳು ಓಡಿದಳು. ರೆಕ್ಕೆ ಬೆನ್ನ ಹಿಂದೆ ಎದ್ದು, ತಲೆಯ ಮೇಲೆ ಬಂದು, ಹೆಗಲನ್ನು ಹಿಡಿದೆತ್ತಿತು. ಕಾಲು ಗಾಳಿಯಲ್ಲಿ ಇನ್ನೂ ಓಡುತ್ತಿದ್ದಾಗಲೇ ಬೆಟ್ಟ ಹಿಂದೆ ಸರಿಯಿತು. ಕೆಳಗೆ ನದಿ, ಸೇತುವೆ, ಹಸಿರು ಚಿಗುರಿನ ಬೆಳ್ಳುಳ್ಳಿ ಹೊಲಗಳು, ಬಜಾರಿನ ಮೂಲೆಯಲ್ಲಿ ಅವಳ ಅಂಗಡಿಯ ನೀಲಿ ತಗಡು. ಇಪ್ಪತ್ತು ವರ್ಷ ಆ ತಗಡಿನ ಕೆಳಗಿನಿಂದ ಮೇಲೆ ನೋಡಿದ್ದವಳು ಈಗ ಮೇಲಿನಿಂದ ಅದನ್ನು ನೋಡಿದಳು. ಅಳು ಬಂತು, ಅತ್ತಳು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ, ಗಾಳಿಯೇ ಒರೆಸಿತು.

ಹನ್ನೊಂದು ನಿಮಿಷದ ಮೇಲೆ ನದಿದಂಡೆಯಲ್ಲಿ ಓಡುತ್ತ ಇಳಿದು, ಎರಡು ಹೆಜ್ಜೆ ಮುಗ್ಗರಿಸಿ ನಿಂತ ಮಾಲ್ಸುನ್, ವ್ಯಾನಿಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದ ಗಂಡನಿಗೆ, "ಕಣ್ಣು ಬಿಡು, ಬಂದೆ," ಎಂದಳು. ಚಿಲ್‌ಬೊಕ್ ಒಂದೇ ಕಣ್ಣು ಬಿಟ್ಟು ಅವಳನ್ನು ನೋಡಿ, ಧೈರ್ಯ ಬಂದ ಮೇಲೆ ಇನ್ನೊಂದನ್ನೂ ಬಿಟ್ಟ.

ಆಗ ಅವಳ ಎದೆಯ ಮೇಲಿದ್ದ, ಸಂಘದವರು ಗುಂಡಿ ಒತ್ತಿ ಮಾತಾಡಿಕೊಳ್ಳುವ ರೇಡಿಯೋ ಗೊರಗೊರ ಎಂದಿತು. ಮೇಲೆ ಯಾರದೋ ರೇಡಿಯೋ ಗುಂಡಿ ಹಾರ್ನೆಸ್ ಪಟ್ಟಿಯಡಿ ಒತ್ತಿಕೊಂಡು ಹಾಗೇ ಉಳಿದಿತ್ತು.

"...ಹೆಲ್ಮೆಟ್ ಆಯ್ತು. ಎದೆ ಆಯ್ತು. ಅಧ್ಯಕ್ಷರೇ, ಕಾಲು ಸ್ವಲ್ಪ..." ದೊಕ್‌ಸು ದನಿ.

"ಮೆಲ್ಲಗೆ ಕಣೋ! ಹಿ... ಹಿಹಿ... ಅಲ್ಲಿ ಬೇಡ! ಏಯ್, ಅಲ್ಲಿ ಬೇಡ ಅಂದ್ನಲ್ಲ, ಹಿಹಿಹಿ..."

"ಕಾಲುಪಟ್ಟಿ ಅಲ್ಲೇ ಇರೋದು ಅಧ್ಯಕ್ಷರೇ. ನಿಮಗೆ ಕಚಗುಳಿ ಆಗತ್ತಾ?"

"ಹೊರಗೆ ಹೇಳಿದ್ರೆ ಸಂಘದಿಂದ ತೆಗೆದುಹಾಕ್ತೀನಿ! ಹಿಹಿ... ಇನ್ನೊಂದು ಕಾಲು ನೋಡು. ಬಿಡಬೇಡ, ಸರಿಯಾಗಿ ನೋಡು..."

ಮಾಲ್ಸುನ್ ತಡೆದುಕೊಳ್ಳಲು ನೋಡಿದಳು. ಸುತ್ತ ಎಣಿಸಲು ಕ್ಯಾಲೆಂಡರ್ ಇರಲಿಲ್ಲ. ರೆಕ್ಕೆಯನ್ನು ಅಲ್ಲಿಯೇ ಬಿಟ್ಟು, ಮರಳಿನ ಮೇಲೆ ಕುಕ್ಕರಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೇಲಿನವರು ರೇಡಿಯೋ ಸರಿಮಾಡಿಕೊಳ್ಳುವ ಸದ್ದಾಯಿತು. ಅಷ್ಟರಲ್ಲಿ ಹೊಟ್ಟೆ ಹಿಡಿದ ಅವಳ ಕೈ ತನ್ನ ರೇಡಿಯೋ ಗುಂಡಿಯನ್ನೇ ಒತ್ತಿಬಿಟ್ಟಿತ್ತು. ನಗು ಹತ್ತು ರೇಡಿಯೋಗಳಲ್ಲಿ ಬೆಟ್ಟದ ನೆತ್ತಿ ಮುಟ್ಟಿತು. ಅವಳು ಬೆಚ್ಚಿ ಕೈ ತೆಗೆದಳು.

"ಯಾರು ನಗ್ತಿರೋದು?" ಎಂದಿತು ಅಧ್ಯಕ್ಷರ ದನಿ.

ಮಾಲ್ಸುನ್ ಕಣ್ಣೊರೆಸಿಕೊಂಡಳು. ಗಂಡ ತಲೆಯಾಡಿಸಿ ಬೇಡ ಬೇಡ ಎಂದು ಸನ್ನೆ ಮಾಡಿದ.

"ನಾನು," ಎಂದಳು. "ಕಡುಬಮ್ಮ."

ಬೆಟ್ಟದ ನೆತ್ತಿಯಲ್ಲಿ ಹಳದಿ ರೆಕ್ಕೆ ಎದ್ದು ನಿಂತಿತು, ಅದರ ಕೆಳಗೊಂದು ಪುಟ್ಟ ಆಕೃತಿ ಓಡಿ ಗಾಳಿಗೆ ಬಿತ್ತು.

"ನಗು," ಎಂದರು ಅಧ್ಯಕ್ಷರು ಆಕಾಶದಿಂದ. "ಪರವಾಗಿಲ್ಲ, ನಗು."